ಬಿರುಗಾಳಿ ಒಂದು ರಾತ್ರಿ, ಕೃಪೆ ನಲವತ್ತು ವರ್ಷ

‘ಅಮೇಜಿಂಗ್ ಗ್ರೇಸ್’ ಮೊದಲು ಕೇಳಿಸಿದ್ದು ಒಂದು ಹೊಸ ವರ್ಷದ ದಿನ. ಬರೆದವನು ಒಂದು ಕಾಲದ ಗುಲಾಮರ ಹಡಗಿನ ಕಪ್ತಾನ. ದೇವರು ತನ್ನ ಕೈ ಹಿಡಿದ ಎಂದು ನಂಬಿದ ಮೇಲೂ ಆತ ಮನುಷ್ಯರಿಗೆ ಬೇಡಿ ಹಾಕಿಸಿದ. ಹಿಡಿದ ಕೈ ಮಾತ್ರ ಅವನನ್ನು ಬಿಡಲಿಲ್ಲ. ಸತ್ಯ ಬಾಯಿಬಿಟ್ಟು ಹೇಳುವ ತನಕ ಬಿಡಲಿಲ್ಲ.

1773ರ ಜನವರಿ 1, ಶುಕ್ರವಾರ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ, ಊಸ್ ನದಿಯ ದಂಡೆಯಲ್ಲಿರುವ ಓಲ್ನಿ ಎಂಬ ಸಣ್ಣ ಊರು. ಚರ್ಚಿಗೆ ಜನ ಬಂದು ಸೇರುತ್ತಿದ್ದಾರೆ. ಹೆಚ್ಚಿನವರು ಲೇಸ್ ಹೆಣೆದು ಹೊಟ್ಟೆ ಹೊರೆಯುವವರು. ಮಡಿಲಲ್ಲಿ ದಿಂಬು ಇಟ್ಟುಕೊಂಡು, ಕಡ್ಡಿಗಳಿಗೆ ಸುತ್ತಿದ ನೂಲನ್ನು ಒಂದರ ಮೇಲೊಂದು ಹಾಯಿಸುತ್ತ, ಉಳ್ಳವರ ಅಂಗಿಯ ಅಂಚಿಗೆ ಜಾಲರಿ ಹೆಣೆಯುವ ಹೆಂಗಸರು, ಮಕ್ಕಳು. ಮನೆಗಳಲ್ಲಿ ಬೆಳಕು ಕಡಿಮೆ, ಕೂಲಿ ಇನ್ನೂ ಕಡಿಮೆ.

ಪ್ರಸಂಗಕ್ಕೆ ನಿಂತವನ ಹೆಸರು ಜಾನ್ ನ್ಯೂಟನ್. ಸೇಬಿನ ಮರದ ವಿಜ್ಞಾನಿಯಲ್ಲ, ಬೇರೆ ನ್ಯೂಟನ್. ವಯಸ್ಸು ನಲವತ್ತೇಳು. ಊರೊಳಗೆ ಮನೆಮನೆಗೆ ಹೋಗುವಾಗ ಪಾದ್ರಿಯ ನಿಲುವಂಗಿ ಬಿಟ್ಟು ಹಳೆಯ ನಾವಿಕರ ಕೋಟು ತೊಟ್ಟು ಹೋಗುತ್ತಿದ್ದ ಸಭಾಪಾಲಕ.

ಆ ದಿನ ಅವನು ಆರಿಸಿಕೊಂಡದ್ದು ಪೂರ್ವಕಾಲವೃತ್ತಾಂತದ ಮೊದಲ ಭಾಗ, 17ನೇ ಅಧ್ಯಾಯ. ಅರಸ ದಾವೀದನಿಗೆ ದೇವರಿಗೊಂದು ಆಲಯ ಕಟ್ಟುವ ಆಸೆ. ಪ್ರವಾದಿ ನಾತಾನನ ಮೂಲಕ ಬಂದ ಉತ್ತರವೇ ಬೇರೆ: ನೀನು ನನಗೆ ಮನೆ ಕಟ್ಟಬೇಡ, ನಾನೇ ನಿನ್ನ ಮನೆತನವನ್ನು ಕಟ್ಟುತ್ತೇನೆ. ದಾವೀದ ಒಳಗೆ ಹೋಗಿ ದೇವರ ಮುಂದೆ ಕೂತುಬಿಡುತ್ತಾನೆ. ನಾನು ಯಾರು, ನನ್ನ ಮನೆ ಯಾವ ಲೆಕ್ಕ, ನನ್ನನ್ನು ಇಲ್ಲಿಯವರೆಗೂ ತಂದೆಯಲ್ಲಾ ಎಂದು ಬೆರಗಾಗುತ್ತಾನೆ.

ಆ ಪ್ರಸಂಗಕ್ಕೆ ಒಪ್ಪುವಂತೆ ನ್ಯೂಟನ್ ಆರು ಚರಣಗಳ ಒಂದು ಹಾಡು ಬರೆದುಕೊಂಡಿದ್ದ. ಅದೇ ಇಂದಿನ ‘ಅಮೇಜಿಂಗ್ ಗ್ರೇಸ್’.

ನಮ್ಮ ಚರ್ಚುಗಳಲ್ಲೂ ಡಿಸೆಂಬರ್ 31ರ ನಡುರಾತ್ರಿ ಆರಾಧನೆ ನಡೆಯುತ್ತದೆ. ಹೊಸ ವರ್ಷದ ವಾಗ್ದಾನ ವಚನದ ಚೀಟಿ ಎತ್ತುತ್ತಾರೆ, ಕಳೆದ ವರ್ಷದ ಉಪಕಾರಗಳನ್ನು ಎಣಿಸುತ್ತಾರೆ, ಪಿಯಾನೋ ಇರುವ ಕಡೆ ಈ ಹಾಡನ್ನೂ ಹಾಡುತ್ತಾರೆ. ಅದರ ಹಿಂದಿನ ಕಥೆ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಹೀಗೆ ಬರುತ್ತದೆ: ಒಬ್ಬ ಕೆಟ್ಟ ನಾವಿಕ, ಒಂದು ಬಿರುಗಾಳಿ, ಒಂದು ಪ್ರಾರ್ಥನೆ, ಮರುದಿನ ಹೊಸ ಮನುಷ್ಯ.

ನಡೆದದ್ದು ಅಷ್ಟು ಬೇಗನೆ ಮುಗಿದ ಕೆಲಸವಲ್ಲ. ಕೃಪೆಯನ್ನು ನಂಬುವ ನನ್ನಂಥವರು ಆ ಕಥೆಯನ್ನು ಪೂರ್ತಿ ಕೇಳಿಸಿಕೊಳ್ಳಲೇಬೇಕು.

ಬೇಡಿ ತೊಟ್ಟವರು ಕೊಟ್ಟ ತುತ್ತು

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್ ಬಂದರು ಕೇರಿಯಲ್ಲಿ. ಅಪ್ಪ ಹಡಗಿನ ಕಪ್ತಾನ, ಮನೆಯಲ್ಲಿರುತ್ತಿದ್ದುದೇ ಕಡಿಮೆ. ತಾಯಿ ಎಲಿಜಬೆತ್ ಮಗನಿಗೆ ಬೈಬಲ್ ವಚನಗಳನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದಳು. ಅವನಿಗೆ ಏಳು ತುಂಬುವ ಮೊದಲೇ ಆಕೆ ಕ್ಷಯದಿಂದ ತೀರಿಕೊಂಡಳು.

ಮುಂದಿನದು ಒಂದರ ಹಿಂದೊಂದು ಬೀಳು. 1744ರಲ್ಲಿ ನೌಕಾಪಡೆಯವರು ಬಲವಂತವಾಗಿ ಹಿಡಿದುಕೊಂಡು ಹೋದರು. ಹಡಗಿನಿಂದ ತಪ್ಪಿಸಿಕೊಂಡ, ಸಿಕ್ಕಿಬಿದ್ದ, ಎಲ್ಲರೆದುರು ಬೆನ್ನು ಹರಿಯುವಂತೆ ಚಾವಟಿಯೇಟು ತಿಂದ. ದೇವರಿಲ್ಲ ಎಂದು ತಾನು ನಂಬಿದ್ದಷ್ಟೇ ಅಲ್ಲ, ಜೊತೆಯವರ ನಂಬಿಕೆಯನ್ನೂ ಕೆಡಿಸುವುದು ಅವನಿಗೆ ಚಟವಾಯಿತು. ಕೊನೆಗೆ ಪಶ್ಚಿಮ ಆಫ್ರಿಕದ ಕರಾವಳಿಗೆ ಬಂದು, ಈಗಿನ ಸಿಯೆರಾ ಲಿಯೋನ್ ಬಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಗುಲಾಮರ ವ್ಯಾಪಾರ ಮಾಡುತ್ತಿದ್ದ ಒಬ್ಬ ಬಿಳಿಯನ ಬಳಿ ಕೆಲಸಕ್ಕೆ ಸೇರಿದ.

ಅಲ್ಲಿ ಜ್ವರ ಹಿಡಿಯಿತು. ಯಜಮಾನ ಊರಲ್ಲಿಲ್ಲ. ಅವನ ಜೊತೆಗಿದ್ದ ಆಫ್ರಿಕನ್ ಹೆಂಗಸಿಗೆ ನ್ಯೂಟನ್‌ನನ್ನು ಕಂಡರೆ ಆಗದು. ಕುಡಿಯಲು ನೀರು ಕೇಳಿದರೂ ಸಿಗದ ದಿನಗಳಿದ್ದವು. ರಾತ್ರಿ ತೋಟಕ್ಕೆ ನುಸುಳಿ ಗೆಡ್ಡೆ ಕಿತ್ತು ಹಸಿಯಾಗಿಯೇ ತಿಂದ, ತಿಂದದ್ದು ಒಗ್ಗದೆ ನರಳಿದ.

ಆಗ ಅವನಿಗೆ ತಿನ್ನಲು ಕೊಟ್ಟವರು ಯಾರು ಗೊತ್ತೇ? ಅಲ್ಲಿ ಬೇಡಿಯಲ್ಲಿದ್ದ ಗುಲಾಮರು. ತಮಗೆ ಸಿಗುತ್ತಿದ್ದ ಹಿಡಿ ತಿನಿಸಿನಲ್ಲೇ ಒಂದಿಷ್ಟು ಉಳಿಸಿ ಕದ್ದುಮುಚ್ಚಿ ತಂದು ಕೊಟ್ಟರು. 1764ರಲ್ಲಿ ಅಚ್ಚಾದ ತನ್ನ ಆತ್ಮವೃತ್ತಾಂತದಲ್ಲಿ ನ್ಯೂಟನ್ ಇದನ್ನು ತಾನೇ ದಾಖಲಿಸಿದ್ದಾನೆ. ಆದರೆ ಅದರ ಮೇಲೆ ನಿಲ್ಲದೆ ಮುಂದೆ ಹೋಗಿಬಿಡುತ್ತಾನೆ.

ನಾವು ನಿಲ್ಲಬೇಕು. ಎಲ್ಲರೂ ಬಿರುಗಾಳಿಯನ್ನು ನೆನೆಯುತ್ತಾರೆ. ಅದಕ್ಕೂ ಮೊದಲೇ, ಅರ್ಹತೆಯಿಲ್ಲದವನಿಗೆ, ತಿರುಗಿ ಏನೂ ಕೊಡಲಾಗದವನಿಗೆ, ಕೇಳದೆಯೇ ಕೊಟ್ಟ ಕೈಗಳು ಇದ್ದವು. ಪೌಲನು ಪತ್ರಗಳಲ್ಲಿ ಕೃಪೆ ಎಂದು ಬಣ್ಣಿಸುವುದು ಇದನ್ನಲ್ಲದೆ ಇನ್ನೇನನ್ನು? ಆ ಕೈಗಳ ಒಡೆಯರು ಮುಂದೆ ಯಾವ ಹಡಗು ಹತ್ತಿದರೋ, ಯಾವ ತೋಟದಲ್ಲಿ ಸತ್ತರೋ, ಒಬ್ಬರ ಹೆಸರೂ ಉಳಿದಿಲ್ಲ.

ಆ ರಾತ್ರಿ, ಮತ್ತು ಅದರ ಮರುದಿನಗಳು

ಅಪ್ಪನ ಕೋರಿಕೆಯಂತೆ ಅವನನ್ನು ವಿಚಾರಿಸುತ್ತ ಬಂದ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ನ್ಯೂಟನ್ ಊರಿಗೆ ಹೊರಟ. 1748ರ ಮಾರ್ಚ್. ಉತ್ತರ ಅಟ್ಲಾಂಟಿಕ್‌ನಲ್ಲಿ ನಡುರಾತ್ರಿ ಬಿರುಗಾಳಿ ಹೊಡೆಯಿತು. ಮಲಗಿದ್ದ ಕೋಣೆಗೆ ನೀರು ನುಗ್ಗಿತು. ಮೇಲಕ್ಕೆ ಹತ್ತುತ್ತಿದ್ದವನಿಗೆ ಕಪ್ತಾನ ಒಂದು ಚಾಕು ತಾ ಎಂದ. ಅವನು ಕೆಳಗಿಳಿದ ಕ್ಷಣದಲ್ಲಿ ಅವನ ಬದಲು ಮೇಲೆ ಹೋದವನನ್ನು ಅಲೆ ಎಳೆದುಕೊಂಡಿತು.

ಹಡಗಿನ ಒಂದು ಮಗ್ಗುಲು ಬಾಯಿ ಬಿಟ್ಟಿತ್ತು. ಬಟ್ಟೆ, ಹಾಸಿಗೆ ಸಿಕ್ಕಿದ್ದನ್ನೆಲ್ಲ ತುರುಕಿ ಹಲಗೆ ಹೊಡೆದರು. ಹೊರೆಯಲ್ಲಿ ಹಗುರಾದ ಜೇನುಮೇಣ, ಮರ ಇದ್ದುದರಿಂದ ಹಡಗು ತಳ ಸೇರಲಿಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದ ತನಕ ನ್ಯೂಟನ್ ಪಂಪು ಒತ್ತಿದ. ಆಡುತ್ತ ಆಡುತ್ತ ಬಾಯಿಂದ ಒಂದು ಮಾತು ಜಾರಿತು: ದೇವರೇ, ಕರುಣಿಸು. ವರ್ಷಗಳ ನಂತರ ಆ ಹೆಸರು ಬೈಗುಳವಾಗದೆ ಅವನ ಬಾಯಲ್ಲಿ ಬಂದದ್ದು ಆಗಲೇ. ಏಪ್ರಿಲ್‌ನಲ್ಲಿ ಹಡಗು ಐರ್ಲೆಂಡ್ ಮುಟ್ಟಿತು. ಅಡುಗೆಯವನು ಕೊನೆಯ ಪಾತ್ರೆ ಒಲೆಗೆ ಇಟ್ಟಿದ್ದ.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವನು ಏನು ಮಾಡಿದ ಎಂಬುದನ್ನು ಹೇಳುವುದಿಲ್ಲ. ‘ಬ್ರೌನ್‌ಲೋ’ ಎಂಬ ಗುಲಾಮರ ಹಡಗಿನಲ್ಲಿ ಮುಖ್ಯ ಅಧಿಕಾರಿಯಾಗಿ ಮತ್ತೆ ಆಫ್ರಿಕಕ್ಕೆ ಹೊರಟ. 1750ರಿಂದ 1754ರವರೆಗೆ ‘ಡ್ಯೂಕ್ ಆಫ್ ಆರ್ಗೈಲ್’, ‘ಆಫ್ರಿಕನ್’ ಹಡಗುಗಳಿಗೆ ತಾನೇ ಕಪ್ತಾನನಾಗಿ ಮೂರು ಯಾನ ಮಾಡಿದ.

ಆ ವರ್ಷಗಳ ಅವನ ದಿನಚರಿ ಪುಸ್ತಕ ಉಳಿದಿದೆ. ಇಂದು ಬಂದ ಸರಕು, ಇಂದಿನ ಗಾಳಿ, ಇಂದು ಸತ್ತವರು. ಸತ್ತವರಿಗೆ ಹೆಸರಿಲ್ಲ, ನಂಬರು. ಒಮ್ಮೆ ದಂಗೆಯ ಸುಳಿವು ಸಿಕ್ಕಾಗ ಬಾಯಿಬಿಡಿಸಲು ಹುಡುಗರ ಹೆಬ್ಬೆರಳುಗಳಿಗೆ ಕಬ್ಬಿಣದ ತಿರುಪು ಹಾಕಿ ಹಿಂಡಿಸಿದ್ದನ್ನೂ ಅವನೇ ಬರೆದಿಟ್ಟಿದ್ದಾನೆ. ಅದೇ ಹಡಗಿನ ಮೇಲ್ತಟ್ಟಿನಲ್ಲಿ ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಬಿಡುವಿನಲ್ಲಿ ಬೈಬಲ್ ಓದುತ್ತಿದ್ದ, ಹೆಂಡತಿ ಮೇರಿಗೆ ಪ್ರೀತಿಯ ಕಾಗದ ಬರೆಯುತ್ತಿದ್ದ. ಕಾಲಡಿಯ ಹಲಗೆಯ ಕೆಳಗೆ ಮನುಷ್ಯರು ಕೋಳ ಬಿಗಿಸಿಕೊಂಡು ಸಾಲಾಗಿ ಬಿದ್ದಿದ್ದರು.

ಬ್ರೌನ್‌ಲೋ ಹಡಗು ಮನುಷ್ಯರನ್ನು ಇಳಿಸಿದ್ದು ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ. ಅಲ್ಲಿ ಒಳ್ಳೆಯ ಪ್ರಸಂಗ ಕೇಳಲು ಚರ್ಚಿಗೆ ಹೋಗುತ್ತಿದ್ದೆ, ಊರ ಹೊರಗಿನ ಕಾಡಿನಲ್ಲಿ ಒಬ್ಬನೇ ಕೂತು ಪ್ರಾರ್ಥಿಸುತ್ತಿದ್ದೆ ಎಂದು ನ್ಯೂಟನ್ ಬರೆದಿದ್ದಾನೆ. ಈ ಊರಿನ ಹೆಸರು ನೆನಪಿರಲಿ.

ಅವನು ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿತೆಂದಲ್ಲ. 1754ರಲ್ಲಿ ಇದ್ದಕ್ಕಿದ್ದಂತೆ ಮೂರ್ಛೆ ಬಂತು, ವೈದ್ಯರು ಪ್ರಯಾಣ ಬೇಡವೆಂದರು. ಗುಲಾಮರ ವ್ಯಾಪಾರ ತಪ್ಪೆಂದು ಆಗ ತನಗೆ ಒಮ್ಮೆಯೂ ಅನಿಸಿರಲಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಬಿರುಗಾಳಿಯ ದಿನವೇ ನಾನು ಪೂರ್ಣ ಅರ್ಥದ ವಿಶ್ವಾಸಿಯಾದೆ ಎಂದೂ ಅವನು ಹೇಳಿಕೊಂಡವನಲ್ಲ. ಅದು ಬಹಳ ಕಾಲದ ನಂತರ ಎನ್ನುತ್ತಾನೆ.

> ಹಾಡು ನಡೆದ ದಾರಿ
>
> ನ್ಯೂಟನ್ ಮತ್ತು ಕವಿ ವಿಲಿಯಂ ಕೂಪರ್ ಜೊತೆಯಾಗಿ ಬರೆದ ‘ಓಲ್ನಿ ಹಿಮ್ಸ್’ ಸಂಕಲನ 1779ರಲ್ಲಿ ಅಚ್ಚಾಯಿತು. ಒಟ್ಟು 348 ಹಾಡುಗಳು. ಈ ಹಾಡಿಗೆ ಅಲ್ಲಿದ್ದ ತಲೆಬರಹದ ತಾತ್ಪರ್ಯ: ವಿಶ್ವಾಸವು ಹಿಂದಿರುಗಿ ನೋಡುವುದು, ಮುಂದನ್ನು ಎದುರು ನೋಡುವುದು.
>
> ಇಂಗ್ಲೆಂಡಿನಲ್ಲಿ ಹಾಡು ಬಹುಕಾಲ ಮೂಲೆಯಲ್ಲೇ ಉಳಿಯಿತು. ಈಗ ಎಲ್ಲರೂ ಗುನುಗುವ ಧಾಟಿ ಅದಕ್ಕೆ ಜೊತೆಯಾದದ್ದು ಅಮೆರಿಕದಲ್ಲಿ, 1835ರಲ್ಲಿ ವಿಲಿಯಂ ವಾಕರ್ ತಂದ ‘ಸದರ್ನ್ ಹಾರ್ಮನಿ’ ಪುಸ್ತಕದಲ್ಲಿ.
>
> ಹತ್ತು ಸಾವಿರ ವರ್ಷಗಳ ಮಾತು ಬರುವ ಕೊನೆಯ ಚರಣ ನ್ಯೂಟನ್‌ನದಲ್ಲ. 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಗುಲಾಮ ಟಾಮ್ ಅದನ್ನು ಹಾಡುತ್ತಾನೆ. ಹಾಗೆ ಅದು ಈ ಹಾಡಿಗೆ ಸೇರಿಕೊಂಡಿತು.

ಗೋಡೆಯ ಮೇಲಿನ ವಚನ

ಸಮುದ್ರ ಬಿಟ್ಟ ಮೇಲೆ ನ್ಯೂಟನ್‌ಗೆ ಲಿವರ್‌ಪೂಲ್‌ನಲ್ಲಿ ಸುಂಕದ ಇಲಾಖೆಯ ಕೆಲಸ, ಜೊತೆಗೆ ಗ್ರೀಕ್, ಹೀಬ್ರೂ ಕಲಿಕೆ. ಸಭಾಪಾಲಕನಾಗಲು ಹೊರಟರೆ ಬಿಷಪ್ಪರು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ 1764ರಲ್ಲಿ ಓಲ್ನಿಗೆ ಸಭಾಪಾಲಕನಾಗಿ ಬಂದ.

ಅಲ್ಲಿ ತನ್ನ ಓದುವ ಕೋಣೆಯ ಬೆಂಕಿಗೂಡಿನ ಮೇಲೆ, ಕೂತಲ್ಲಿಂದಲೇ ಕಾಣುವಂತೆ, ಎರಡು ವಚನ ಬರೆಸಿದ. ಒಂದು ಯೆಶಾಯನದು. ಇನ್ನೊಂದು ಧರ್ಮೋಪದೇಶಕಾಂಡ 15ನೇ ಅಧ್ಯಾಯದ 15ನೇ ವಚನ: ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ, ನಿನ್ನ ದೇವರು ನಿನ್ನನ್ನು ಬಿಡಿಸಿದ, ಮರೆಯಬೇಡ ಎಂಬ ಅರ್ಥದ್ದು. ಆಫ್ರಿಕದಲ್ಲಿ ತಾನು ಬಿದ್ದ ಸ್ಥಿತಿಯನ್ನೂ ಮೇಲೆತ್ತಿದ ಕೈಯನ್ನೂ ದಿನವೂ ನೆನೆಯಬೇಕೆಂಬುದು ಅವನ ಉದ್ದೇಶ.

ಆ ವಚನದ ಆಚೀಚೆ ಏನಿದೆ ನೋಡಿ. ಆ ಭಾಗವಿಡೀ ದಾಸರ ಬಿಡುಗಡೆಯ ನಿಯಮ. ಆರು ವರ್ಷ ದುಡಿದ ದಾಸನನ್ನು ಏಳನೆಯ ವರ್ಷ ಬಿಟ್ಟುಬಿಡು. ಬಿಡುವಾಗ ಬರಿಗೈಯಲ್ಲಿ ಕಳಿಸಬೇಡ. ನಿನ್ನ ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಧಾರಾಳವಾಗಿ ಕೊಟ್ಟು ಕಳಿಸು. ಏಕೆಂದರೆ ನೀನೂ ದಾಸನಾಗಿದ್ದೆ.

ಗುಲಾಮಗಿರಿಯ ಪ್ರಶ್ನೆಗೆ ಉತ್ತರ ಗೋಡೆಯ ಮೇಲೆಯೇ ಇತ್ತು. ವರ್ಷಗಟ್ಟಲೆ ಅವನು ಅದನ್ನು ತನ್ನ ಬಿಡುಗಡೆಯ ವಚನವೆಂದು ಓದಿದ. ಬೇರೆಯವರ ಬಿಡುಗಡೆಯ ವಚನವೆಂದು ಓದಲಿಲ್ಲ.

ಇದನ್ನು ನ್ಯೂಟನ್ ಒಬ್ಬನ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8, 9ನೇ ವಚನಗಳು ನಮಗೆ ಬಾಯಿಪಾಠ: ರಕ್ಷಣೆ ಬಂದದ್ದು ಕೃಪೆಯಿಂದ, ನಂಬಿಕೆಯ ಮೂಲಕ, ಅದು ದೇವರ ವರ, ಯಾರೂ ಹೊಗಳಿಕೊಳ್ಳುವಂತಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಪೌಲನ ವಾದ ಮುಗಿಯುವುದು 10ರಲ್ಲಿ: ಒಳ್ಳೆಯ ಕೆಲಸಗಳನ್ನು ದೇವರು ಮೊದಲೇ ಸಿದ್ಧಮಾಡಿ ಇಟ್ಟಿದ್ದಾನೆ, ನಾವು ಅದರಲ್ಲಿ ನಡೆಯಲೆಂದೇ ಉಂಟಾದವರು. ಕೃಪೆ ಬಾಗಿಲು ತೆರೆಯುತ್ತದೆ. ಬಾಗಿಲ ಆಚೆ ದಾರಿಯಿದೆ, ನಡೆಯಬೇಕು. ನಡೆಯದ ವಿಶ್ವಾಸ ಸತ್ತದ್ದು ಎಂದು ಯಾಕೋಬನು ಇನ್ನೂ ಒರಟಾಗಿಯೇ ಹೇಳುತ್ತಾನೆ.

ನ್ಯೂಟನ್ ಆ ದಾರಿಯಲ್ಲಿ ಮೊದಲು ಹೆಜ್ಜೆ ಹಾಕಿದ್ದು ಗುಲಾಮಗಿರಿಯ ವಿಷಯದಲ್ಲಲ್ಲ, ಒಬ್ಬ ಗೆಳೆಯನ ವಿಷಯದಲ್ಲಿ.

ಹಾಡು ಕೇಳಿ ಹೊರಟವನು

ಆ ಹೊಸ ವರ್ಷದ ದಿನ ಚರ್ಚಿಗೆ ಬಂದವರಲ್ಲಿ ವಿಲಿಯಂ ಕೂಪರ್ ಇದ್ದ. ಇಂಗ್ಲಿಷ್ ಕಾವ್ಯದಲ್ಲಿ ಇಂದಿಗೂ ದೊಡ್ಡ ಹೆಸರು. ಮೊದಲಿನಿಂದಲೂ ಅವನ ಮನಸ್ಸು ಆಗಾಗ ಕತ್ತಲಿಗೆ ಜಾರುತ್ತಿತ್ತು. 1763ರಲ್ಲಿ ಬದುಕೇ ಬೇಡವೆನಿಸಿ ಸೇಂಟ್ ಆಲ್ಬನ್ಸ್‌ನ ಒಬ್ಬ ವೈದ್ಯರ ಆರೈಕೆಯಲ್ಲಿದ್ದು ಚೇತರಿಸಿಕೊಂಡಿದ್ದ. ಅಲ್ಲಿಯೇ ರೋಮಾಪುರದವರಿಗೆ ಬರೆದ ಪತ್ರ ಓದುತ್ತ ನಂಬಿಕೆ ಕಂಡುಕೊಂಡ. 1767ರಲ್ಲಿ, ತನಗೆ ಆಸರೆಯಾಗಿದ್ದ ಮೇರಿ ಅನ್ವಿನ್ ಕುಟುಂಬದೊಂದಿಗೆ ನ್ಯೂಟನ್ ಇದ್ದ ಊರಿಗೆ ಬಂದು ನೆಲೆಸಿದ. ಇಬ್ಬರ ಮನೆಗಳ ನಡುವೆ ಒಂದು ತೋಟವಿತ್ತು. ಸುತ್ತಿ ಬಳಸಿ ಹೋಗದೆ ಅದನ್ನು ದಾಟುವ ಹಕ್ಕಿಗಾಗಿ ತೋಟದ ಒಡೆಯನಿಗೆ ವರ್ಷಕ್ಕೊಂದು ಗಿನಿ ನಾಣ್ಯ ಕೊಡುತ್ತಿದ್ದರಂತೆ. ದಿನಕ್ಕೆ ಅಷ್ಟು ಸಲ ಹೋಗಿ ಬರುವ ಸ್ನೇಹ.

ಅಂದು ಬೆಳಿಗ್ಗೆ ಕೂಪರ್ ಆರಾಧನೆ ಮುಗಿಸಿ ಹೊರಟ. ಕೆಲವೇ ಗಂಟೆಗಳಲ್ಲಿ ಆ ಹಳೆಯ ಕತ್ತಲು ಮತ್ತೆ ಕವಿಯಿತು. ಮತ್ತೆ ಆರಾಧನೆಗೆ ಬರಲಿಲ್ಲ. ಮುಂದಿನ ತಿಂಗಳು ಬಿದ್ದ ಒಂದು ಕನಸಿನಲ್ಲಿ ದೇವರು ತನ್ನನ್ನು ಶಾಶ್ವತವಾಗಿ ತಳ್ಳಿಬಿಟ್ಟ ಎಂಬುದು ಅವನಿಗೆ ಖಚಿತವಾಗಿಹೋಯಿತು. ಕೃಪೆ ಎಲ್ಲರಿಗೂ ಉಂಟು, ತನ್ನೊಬ್ಬನಿಗೆ ಇಲ್ಲ. ಈ ನಂಬಿಕೆ ಸಾಯುವ ತನಕ ಅವನನ್ನು ಪೂರ್ತಿ ಬಿಡಲಿಲ್ಲ.

ಆ ಹಾಡು ಮೊದಲು ಬಿದ್ದ ಕಿವಿಗಳಲ್ಲೇ ಅದನ್ನು ತನ್ನದೆಂದು ಹಾಡಲಾಗದವನ ಕಿವಿಯೂ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರಾರ್ಥನೆ ಮಾಡಿದರೆ ಸರಿಹೋಗುತ್ತದೆ, ನಂಬಿಕೆ ಸಾಲದು ಎಂದು ಇಂಥವರಿಗೆ ಹೇಳಿ ಕಳಿಸುವ ಚರ್ಚುಗಳು ಈಗಲೂ ಉಂಟು.

ನ್ಯೂಟನ್ ಹಾಗೆ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಗೆಳೆಯನನ್ನು ತನ್ನ ಮನೆಗೇ ಕರೆತಂದ. ಕೂಪರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ. ಅಬ್ರಹಾಮನಿಂದ ಇಸಾಕನನ್ನು ಕೇಳಿದಂತೆ ದೇವರು ತನ್ನ ಪ್ರಾಣವನ್ನು ಬಲಿಯಾಗಿ ಕೇಳುತ್ತಿದ್ದಾನೆ ಎಂಬ ಭ್ರಮೆ ಒಮ್ಮೆ ಆ ಮನೆಯಲ್ಲೇ ಅವನನ್ನು ಹಿಡಿಯಿತು. ನ್ಯೂಟನ್, ಮೇರಿ ನ್ಯೂಟನ್, ಮೇರಿ ಅನ್ವಿನ್ ಸರದಿಯ ಮೇಲೆ ಕಾದರು. ಸುಲಭದ ದಿನಗಳಲ್ಲ ಅವು. ತಮ್ಮ ತಾಳ್ಮೆ ಸೋಲುತ್ತಿದ್ದುದನ್ನು ನ್ಯೂಟನ್ ಬರೆದ ಕಾಗದಗಳು ಮುಚ್ಚಿಡುವುದಿಲ್ಲ. ಆದರೂ ಹೊರಗೆ ಹಾಕಲಿಲ್ಲ.

ಕೂಪರ್ ನಿಧಾನವಾಗಿ ಮೇಲೆದ್ದ. ನೆರೆಮನೆಯ ಮಕ್ಕಳಿಂದ ಬಂದ ಒಂದು ಮೊಲದ ಮರಿಯನ್ನು ಸಾಕಿದ, ಆಮೇಲೆ ಮೂರಾದವು. ಮರಗೆಲಸ ಮಾಡಿದ, ಸೌತೆ ಬೆಳೆದ, ಮತ್ತೆ ಪದ್ಯ ಬರೆದ. 1785ರಲ್ಲಿ ಬಂದ ‘ದಿ ಟಾಸ್ಕ್’ ಕಾವ್ಯ ಇಂಗ್ಲೆಂಡನ್ನೇ ಓದಿಸಿತು. ಗುಲಾಮಗಿರಿಯ ವಿರುದ್ಧ ಹಾಡು ಬರೆದುಕೊಡಿ ಎಂದು 1788ರಲ್ಲಿ ಚಳವಳಿಯವರು ಕೇಳಿದಾಗ ಅದನ್ನೂ ಬರೆದ. 1800ರಲ್ಲಿ ಅವನು ತೀರಿಕೊಂಡಾಗ ಎಪ್ಪತ್ನಾಲ್ಕರ ಮುದುಕ ನ್ಯೂಟನ್ ಲಂಡನ್ನಿನಲ್ಲಿ ಅವನಿಗಾಗಿ ಪ್ರಸಂಗ ಮಾಡಿದ.

ನಾವು ನಂಬಿಗಸ್ತರಲ್ಲದಿದ್ದರೂ ಆತನು ನಂಬಿಗಸ್ತನಾಗಿಯೇ ಇರುವನು ಎಂದು ಪೌಲನು ತಿಮೊಥೆಗೆ ಬರೆದ. ಕೂಪರ್‌ಗೆ ಈ ವಚನ ಮನಸ್ಸಿನಲ್ಲಿ ನಾಟಲಿಲ್ಲ. ಆದರೆ ದಿನವೂ ಬೆಳಿಗ್ಗೆ ಬಾಗಿಲು ತಟ್ಟಿ, ಪಕ್ಕದಲ್ಲಿ ಕೂತು, ಉಣ್ಣಲು ಒತ್ತಾಯಿಸುತ್ತಿದ್ದ ಒಬ್ಬ ಮನುಷ್ಯನ ರೂಪದಲ್ಲಿ ಅದು ಅವನ ಕಣ್ಣೆದುರು ಇತ್ತು.

> ಓಲ್ನಿಯಿಂದ ಕನ್ನಡಕ್ಕೆ
>
> ಓಲ್ನಿಯ ಪಕ್ಕದ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಥಾಮಸ್ ಸ್ಕಾಟ್‌ಗೆ ನ್ಯೂಟನ್‌ನ ಬೋಧನೆ ರುಚಿಸುತ್ತಿರಲಿಲ್ಲ. ಸ್ಕಾಟ್‌ನ ಸಭೆಯ ಇಬ್ಬರು ಸಾಯುವ ಸ್ಥಿತಿಯಲ್ಲಿದ್ದಾಗ ಅವನು ನೋಡಲು ಹೋಗಲಿಲ್ಲ. ನ್ಯೂಟನ್ ನಡೆದು ಹೋಗಿ ನೋಡಿ ಬಂದ. ವಾದಕ್ಕೆ ಬಗ್ಗದ ಸ್ಕಾಟ್ ಇದಕ್ಕೆ ಬಗ್ಗಿದ.
>
> ಮುಂದೆ ಅದೇ ಸ್ಕಾಟ್‌ನ ಪ್ರಸಂಗಗಳಿಂದ ತಾನು ಬಹಳ ಪಡೆದೆ ಎಂದವನು ವಿಲಿಯಂ ಕೇರಿ. ಚಪ್ಪಲಿ ಹೊಲಿಯುತ್ತಿದ್ದ ಕೇರಿ ಓಲ್ನಿಯ ಬ್ಯಾಪ್ಟಿಸ್ಟ್ ಸಭೆಯ ಸದಸ್ಯ. 1793ರಲ್ಲಿ ಭಾರತಕ್ಕೆ ಬಂದ.
>
> ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಿಂದ ಹೊರಬಂತು.

ಬಾಯಿಬಿಟ್ಟ ದಿನ

1780ರಲ್ಲಿ ನ್ಯೂಟನ್ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿಗೆ ಬಂದ. 1785ರ ಡಿಸೆಂಬರ್‌ನಲ್ಲಿ ಒಬ್ಬ ಯುವಕ ಅವನ ಮನೆಯಿದ್ದ ಚೌಕವನ್ನು ಒಂದೆರಡು ಸುತ್ತು ಹಾಕಿ, ಧೈರ್ಯ ತಂದುಕೊಂಡು ಬಾಗಿಲು ತಟ್ಟಿದ. ಇಪ್ಪತ್ತಾರರ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್. ದೇವರ ಕಡೆ ತಿರುಗಿದ್ದೇನೆ, ರಾಜಕೀಯ ಬಿಟ್ಟುಬಿಡಲೇ ಎಂಬುದು ಅವನ ಸಂಕಟ. ಬಿಡಬೇಡ, ಸಂಸತ್ತಿನಲ್ಲೇ ಇರು ಎಂದ ನ್ಯೂಟನ್. ಇತಿಹಾಸದಲ್ಲಿ ಇಷ್ಟು ಫಲ ಕೊಟ್ಟ ಸಭಾಪಾಲಕರ ಸಲಹೆ ಕಡಿಮೆ.

ಎರಡೇ ವರ್ಷದಲ್ಲಿ ಆ ಯುವಕ ಗುಲಾಮರ ವ್ಯಾಪಾರ ನಿಲ್ಲಿಸುವ ಹೋರಾಟಕ್ಕೆ ಇಳಿದ. ಈಗ ನ್ಯೂಟನ್ ಸುಮ್ಮನಿರುವಂತಿರಲಿಲ್ಲ. 1788ರಲ್ಲಿ ‘ಆಫ್ರಿಕದ ಗುಲಾಮರ ವ್ಯಾಪಾರದ ಬಗ್ಗೆ ಕೆಲವು ಆಲೋಚನೆಗಳು’ ಎಂಬ ಅರ್ಥದ ಕಿರುಹೊತ್ತಗೆ ಅಚ್ಚು ಹಾಕಿಸಿದ.

ಅದರಲ್ಲಿ ತಪ್ಪಿಸಿಕೊಳ್ಳುವ ಮಾತಿಲ್ಲ. ಈ ಒಪ್ಪಿಗೆ ತಡವಾಗಿ ಬಂತು, ನಾನು ಪಾಲುದಾರನಾದ ನೋವನ್ನು ಇದು ಸರಿಪಡಿಸದು ಎಂದು ಮೊದಲೇ ಹೇಳುತ್ತಾನೆ. ಆಮೇಲೆ ಹಡಗಿನ ತಳಕೋಣೆಗೆ ಓದುಗರನ್ನು ಇಳಿಸುತ್ತಾನೆ. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಮನುಷ್ಯರನ್ನು ಎರಡು ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗಿಸುತ್ತಿದ್ದರು. ಇಬ್ಬಿಬ್ಬರಿಗೆ ಸೇರಿಸಿ ಕೋಳ. ಬೆಳಿಗ್ಗೆ ನೋಡಿದರೆ ಎಷ್ಟೋ ಸಲ ಸತ್ತವನೂ ಬದುಕಿದವನೂ ಒಂದೇ ಕೋಳದಲ್ಲಿ.

ಅಲ್ಲಿನ ಒಂದು ಘಟನೆಯನ್ನಂತೂ ಓದಿದವರು ಮರೆಯಲಾರರು. ಒಬ್ಬ ಅಧಿಕಾರಿ ದೋಣಿಯಲ್ಲಿ ಒಬ್ಬ ತಾಯಿಯನ್ನೂ ವರ್ಷದ ಕೂಸನ್ನೂ ಕೊಂಡು ತರುತ್ತಿದ್ದ. ರಾತ್ರಿ ಕೂಸು ಅತ್ತಿತು. ನಿದ್ದೆ ಕೆಟ್ಟಿತೆಂದು ಅವನು ಅದನ್ನು ತಾಯಿಯ ತೋಳಿನಿಂದ ಕಿತ್ತು ಸಮುದ್ರಕ್ಕೆ ಎಸೆದ.

ಚಳವಳಿಯವರು ಆ ಹೊತ್ತಗೆಯನ್ನು ಮತ್ತೆ ಅಚ್ಚು ಹಾಕಿಸಿ ಹಂಚಿದರು. ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಎದುರೂ ಸಂಸತ್ತಿನ ಸಮಿತಿಯ ಎದುರೂ ನ್ಯೂಟನ್ ಸಾಕ್ಷಿ ನುಡಿದ. ಹೊರಗಿನಿಂದ ನೋಡಿ ಮರುಗಿದವರು ಬಹಳ ಮಂದಿ ಇದ್ದರು. ನಾನೇ ಮಾಡಿದೆ ಎನ್ನಬಲ್ಲ ಕಪ್ತಾನರು ವಿರಳ.

1791ರಲ್ಲಿ ಮಸೂದೆ ಸೋತಿತು: ಪರ 88, ವಿರೋಧ 163. ಮತ್ತೆ ಮತ್ತೆ ಸೋತಿತು. 1807ರಲ್ಲಿ 283 ಮತ, ವಿರೋಧ ಬರೀ 16. ಮಾರ್ಚ್ 25ರಂದು ಕಾಯ್ದೆಗೆ ಅಂಕಿತ ಬಿತ್ತು. ಆಗ ನ್ಯೂಟನ್‌ಗೆ ಕಣ್ಣು ಹೋಗಿತ್ತು, ನೆನಪು ಕೈಕೊಡುತ್ತಿತ್ತು. ಅದೇ ಡಿಸೆಂಬರ್ 21ರಂದು ತೀರಿಕೊಂಡ. ನಿಂತದ್ದು ವ್ಯಾಪಾರ ಮಾತ್ರ. ಬ್ರಿಟಿಷ್ ವಸಾಹತುಗಳ ಗುಲಾಮರು ಬಿಡುಗಡೆಯ ಕಾನೂನಿಗೆ 1833ರವರೆಗೂ ಕಾಯಬೇಕಾಯಿತು, ಚಾರ್ಲ್ಸ್‌ಟನ್‌ನವರು ಅಮೆರಿಕದ ಅಂತರ್ಯುದ್ಧ ಮುಗಿಯುವ ತನಕ.

ಅದೇ ಬಂದರು

ಆ ಚಾರ್ಲ್ಸ್‌ಟನ್‌ನಲ್ಲಿ ಇಮ್ಯಾನುಯೆಲ್ ಎಂಬ ಚರ್ಚಿದೆ. ಗುಲಾಮಗಿರಿಯ ಕಾಲದಲ್ಲೇ ಕರಿಯರು ತಮಗಾಗಿ ಕಟ್ಟಿಕೊಂಡ ಸಭೆ. 2015ರ ಜೂನ್ 17, ಬುಧವಾರ ಸಂಜೆ, ಕೆಳಗಿನ ಕೋಣೆಯಲ್ಲಿ ಕೆಲವರು ಕೂತು ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ, ಬಿತ್ತುವವನ ಸಾಮ್ಯ ಓದುತ್ತಿದ್ದರು. ಒಬ್ಬ ಬಿಳಿಯ ಯುವಕ ಒಳಗೆ ಬಂದ. ಪಾಸ್ಟರ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಕೂತವನು, ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಬಂದೂಕು ತೆಗೆದ. ಪಾಸ್ಟರ್ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಮಂದಿ ಸತ್ತರು. ಕರಿಯರು ಎಂಬುದೇ ಕಾರಣ.

ಎರಡು ದಿನಗಳ ನಂತರ ನ್ಯಾಯಾಲಯದಲ್ಲಿ ಸತ್ತವರ ಮನೆಯವರಿಗೆ ಮಾತಾಡಲು ಅವಕಾಶ ಸಿಕ್ಕಿತು. ಗುಂಡು ಹಾರಿಸಿದವನ ಮುಖ ಪರದೆಯ ಮೇಲಿತ್ತು. ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು, ಅಮ್ಮನನ್ನು ಇನ್ನು ಮುಟ್ಟಲಾರೆ, ಮಾತಾಡಿಸಲಾರೆ, ಆದರೂ ಕ್ಷಮಿಸುತ್ತೇನೆ ಎಂಬರ್ಥದ ಮಾತು ಹೇಳಿದಳು. ಇನ್ನೂ ಕೆಲವರು ಹಾಗೆಯೇ ಹೇಳಿದರು. ಎಲ್ಲರೂ ಹೇಳಲಿಲ್ಲ. ಕೆಲವರಿಗೆ ಅದಕ್ಕೆ ವರ್ಷಗಳೇ ಬೇಕಾದವು. ನೊಂದವರಿಂದ ಕ್ಷಮೆಯನ್ನು ಒತ್ತಾಯದಿಂದ ಕೇಳುವ ಹಕ್ಕು ಹೊರಗಿನ ಯಾರಿಗೂ ಇಲ್ಲ, ಚರ್ಚಿಗೂ ಇಲ್ಲ.

ಜೂನ್ 26ರಂದು ಪಿಂಕ್ನಿಯವರ ಅಂತ್ಯಸಂಸ್ಕಾರ. ಅಂದಿನ ಅಧ್ಯಕ್ಷ ಬರಾಕ್ ಒಬಾಮ ಕೃಪೆಯ ಕುರಿತೇ ಮಾತಾಡಿದರು. ನಡುವೆ ಮಾತು ನಿಲ್ಲಿಸಿದರು. ದೀರ್ಘ ಮೌನದ ನಂತರ ಒಬ್ಬರೇ ‘ಅಮೇಜಿಂಗ್ ಗ್ರೇಸ್’ ಹಾಡತೊಡಗಿದರು. ಹಿಂದೆ ಕೂತಿದ್ದ ಪಾದ್ರಿಗಳು ಎದ್ದುನಿಂತು ದನಿಗೂಡಿಸಿದರು, ಆರ್ಗನ್ ಸೇರಿತು, ಸಭಾಂಗಣವೇ ಹಾಡಿತು. 1749ರಲ್ಲಿ ಇದೇ ಊರಿನ ಬಂದರಿನಲ್ಲಿ ಮನುಷ್ಯರನ್ನು ಮಾರಲು ತಂದ ಹಡಗಿನ ಅಧಿಕಾರಿ ಬರೆದ ಹಾಡನ್ನು, ಹಾಗೆ ಮಾರಾಟವಾದವರ ಮೊಮ್ಮಕ್ಕಳ ಮೊಮ್ಮಕ್ಕಳು ತಮ್ಮದೆಂದು ಹಾಡಿದರು.

ಅಂದಿನ ಟಿವಿ ದೃಶ್ಯವನ್ನು ಲೋಕವೆಲ್ಲ ನೋಡಿತು. ಅದಕ್ಕೂ ಎರಡು ದಿನ ಮೊದಲು ನಡೆದದ್ದನ್ನು ಅಷ್ಟು ಜನ ಗಮನಿಸಲಿಲ್ಲ. ಜೂನ್ 24, ಮತ್ತೆ ಬುಧವಾರ. ಇಮ್ಯಾನುಯೆಲ್ ಚರ್ಚಿನ ಕೆಳಗಿನ ಅದೇ ಕೋಣೆಯ ಬಾಗಿಲು ತೆರೆದರು. ಹಿಂದಿನ ವಾರಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಬೈಬಲ್ ಹಿಡಿದು ಬಂದು ಕೂತರು, ಪಾಠ ಮುಂದುವರಿಯಿತು.